‘ಸರಿಯಾದ ನಂಬರ್ ಹಾಕಿ’ ಅನ್ನೋ ಮುಂಚೆ

ಹೋದ ವರ್ಷ ರಾಜ್ಯೋತ್ಸವ ಮುಗಿದ ಮೇಲೆ ನಮ್ಮ ಕನ್ನಡ ಸಂಘದಿಂದ ಹಂಪಿಗೆ ಎರಡು ದಿನದ ಪ್ರವಾಸ ಹೋಗಿದ್ದೆವಲ್ಲ, ವಿರೂಪಾಕ್ಷ ದೇವಸ್ಥಾನದ ಮುಂದೆ ತೆಗೆದ ಗ್ರೂಪ್ ಫೋಟೋ ಇನ್ನೂ ಎಷ್ಟೋ ಜನರ ಡಿಪಿಯಲ್ಲಿದೆ. ವಾಪಸ್ ಬರುವಾಗ ಕೂಡ್ಲಿಗಿ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತದ್ದೂ ಹೋದವರಿಗೆಲ್ಲ ನೆನಪಿರುತ್ತೆ. ಆದರೆ ಆ ರಾತ್ರಿ ನಡೆದ ಇನ್ನೊಂದು ವಿಷಯ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅದನ್ನು ಹೇಳಿಬಿಡೋಣ ಅಂತಲೇ ಈ ಬರಹ. ತಪ್ಪು ನಮ್ಮದು, ಹಾಗಾಗಿ ಸ್ವಲ್ಪ ಸಂಕೋಚವೂ ಇದೆ.

ಪ್ರವಾಸಕ್ಕೆ ಹೆಸರು ಕೊಡೋಕೆ ಸಂಘದ ತಾಂತ್ರಿಕ ತಂಡದ ನಾವು ನಾಲ್ಕು ಜನ ಸೇರಿ ಒಂದು ಪುಟ್ಟ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೆವು. ಹೆಸರು, ಬ್ರ್ಯಾಂಚ್, ಸೆಮಿಸ್ಟರ್, ಕೊನೆಗೆ ‘ಮನೆಯವರ ಫೋನ್ ನಂಬರ್’. ಏನಾದರೂ ತೊಂದರೆ ಆದರೆ ಸಂಯೋಜಕರ ಫೋನಿನಿಂದ ಒಂದೇ ಬಟನ್ ಒತ್ತಿ ಎಲ್ಲರ ಮನೆಗೂ ಎಸ್ಸೆಮ್ಮೆಸ್ ಕಳಿಸುವ ವ್ಯವಸ್ಥೆ. ಎರಡು ರಾತ್ರಿ ಕೂತು ಬರೆದ ಕೋಡು, ಡೆಮೋದಲ್ಲಿ ಚೆನ್ನಾಗೇ ಓಡಿತ್ತು.

ಬಸ್ಸು ನಿಂತಾಗ ರಾತ್ರಿ ಹತ್ತೂವರೆ. ಮೆಕ್ಯಾನಿಕ್ ಬಂದು ರಿಪೇರಿ ಆಗೋಕೆ ನಾಲ್ಕು ಗಂಟೆ ಬೇಕು ಅಂದರು. ನಾವು ಬಟನ್ ಒತ್ತಿದೆವು. ‘ಬಸ್ಸು ಕೆಟ್ಟಿದೆ, ಎಲ್ಲರೂ ಕ್ಷೇಮ, ನಿಮ್ಮ ಮಕ್ಕಳು ಹಾಸ್ಟೆಲ್ ತಲುಪುವಾಗ ಬೆಳಗ್ಗೆ ಆಗುತ್ತದೆ.’ ಸ್ಕ್ರೀನಿನ ಮೇಲೆ 42ಕ್ಕೆ 42 ಹಸಿರು ಟಿಕ್ ಬಂತು. ನಿರಾಳವಾಗಿ ಅಂತ್ಯಾಕ್ಷರಿಗೆ ಕೂತೆವು.

ಕಾಲು ಗಂಟೆಯಲ್ಲಿ ಸಂಯೋಜಕರ ಫೋನ್ ರಿಂಗ್ ಆಯಿತು. ಆ ಕಡೆ ವಯಸ್ಸಾದ ಒಬ್ಬರ ದನಿ, ಕಲಬುರಗಿ ಕಡೆಯ ಮಾತು. ‘ನಮ್ಮ ಮಗಳು ಗಂಡನ ಮನಿಯಾಗ ಅದಾಳ್ರೀ. ಯಾವ ಬಸ್ಸು? ಏನಾಗ್ಯದ್ರೀ ಆಕಿಗೆ?’ ಅವರಿಗೂ ನಮಗೂ ಯಾವ ಸಂಬಂಧವೂ ಇಲ್ಲ. ಮಲಗಿದ್ದವರನ್ನು ಎಬ್ಬಿಸಿ ಗಾಬರಿ ಮಾಡಿದ್ದೆವು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು: ಇದು ಇವರಿಗೆ ಬಂದಿದೆ ಅಂದರೆ, ಯಾರ ಮನೆಗೆ ಹೋಗಿಲ್ಲ?

ಬೆಳಗ್ಗೆ ಗೊತ್ತಾಯಿತು. ಎರಡು ಮನೆಗೆ ಹೋಗಿರಲಿಲ್ಲ. ಒಂದು, ನಮ್ಮ ಇ ಅಂಡ್ ಸಿ ಜೂನಿಯರ್ ಒಬ್ಬನ ಮನೆ. ಇನ್ನೊಂದು, ಶಿರಸಿ ಹತ್ತಿರದ ಹಳ್ಳಿಯ ಒಂದು ಮನೆ. ಆ ಹುಡುಗಿಯ ಫೋನಿನಲ್ಲಿ ಚಾರ್ಜ್ ಮುಗಿದಿತ್ತು. ಅವಳ ಅಪ್ಪ ರಾತ್ರಿಯಿಡೀ ಲ್ಯಾಂಡ್‌ಲೈನ್ ಪಕ್ಕದ ಕುರ್ಚಿಯಲ್ಲೇ ಕೂತಿದ್ದರಂತೆ.

ನೆಟ್‌ವರ್ಕ್ ಸರಿ ಇತ್ತು, ಸಿಮ್ ಸರಿ ಇತ್ತು. ತಪ್ಪಿದ್ದು ಫೋನ್ ನಂಬರ್ ತೆಗೆದುಕೊಳ್ಳುವ ನಮ್ಮ ಐದು ಸಾಲು ಕೋಡಿನಲ್ಲಿ. ಅದು ಹೇಗೆ ಕೆಲಸ ಮಾಡುತ್ತಿತ್ತು ಅಂದರೆ: ಹಾಕಿದ್ದರಲ್ಲಿ ಅಂಕಿ ಅಲ್ಲದ್ದನ್ನೆಲ್ಲ ತೆಗೆ, ಮೊದಲ ಹತ್ತು ಅಂಕಿ ಇಟ್ಟುಕೋ, ಮೊದಲನೇ ಅಂಕಿ 6ರಿಂದ 9ರೊಳಗೆ ಇದ್ದರೆ ಓಕೆ, ಇಲ್ಲದಿದ್ದರೆ ಕೆಂಪು ಅಕ್ಷರದಲ್ಲಿ ‘ಸರಿಯಾದ ನಂಬರ್ ಹಾಕಿ’. ನಮ್ಮಲ್ಲಿ ಮಿನಿ ಪ್ರಾಜೆಕ್ಟ್ ಮಾಡಿದ ಅರ್ಧಕ್ಕರ್ಧ ಜನ ಹೆಚ್ಚುಕಡಿಮೆ ಇದನ್ನೇ ಬರೆದಿರುತ್ತೇವೆ. ನೋಡೋಕೆ ತಪ್ಪೇನೂ ಕಾಣಲ್ಲ.

ಈಗ ನಂಬರ್ 12345 67890 ಅಂತ ಇಟ್ಟುಕೊಳ್ಳಿ. (1ರಿಂದ ಶುರುವಾಗುವ ಮೊಬೈಲ್ ನಂಬರ್ ನಮ್ಮ ದೇಶದಲ್ಲಿಲ್ಲ, ಹಾಗಾಗಿ ಪಾಪ ಯಾರಿಗೂ ಕಾಲ್ ಹೋಗಲ್ಲ.) ಜೂನಿಯರ್ ತನ್ನ ಅಮ್ಮನ ನಂಬರನ್ನು ಕಾಂಟ್ಯಾಕ್ಟ್‌ನಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ. ಬಂದಿದ್ದು +91 12345 67890. ನಮ್ಮ ಕೋಡು ಪ್ಲಸ್ಸನ್ನೂ ಖಾಲಿ ಜಾಗವನ್ನೂ ತೆಗೆದು ಹಾಕಿತು. ಉಳಿದಿದ್ದು ಹನ್ನೆರಡು ಅಂಕಿ. ಮೊದಲ ಹತ್ತನ್ನು ಇಟ್ಟುಕೊಂಡಿತು. ಅಂದರೆ 91, ಆಮೇಲೆ ಅಮ್ಮನ ನಂಬರಿನ ಮೊದಲ ಎಂಟು ಅಂಕಿ. ಕೊನೆಯ ಎರಡು ಅಂಕಿ ಮಾಯ. ಆದರೆ ಉಳಿದದ್ದು 9ರಿಂದ ಶುರುವಾಗುವ ಹತ್ತು ಅಂಕಿಯ ನಂಬರ್! ನಮ್ಮ ಪರೀಕ್ಷೆಯಲ್ಲಿ ಪಾಸ್. ಭಾರತದ ದೇಶ ಸಂಕೇತವೇ 9ರಿಂದ ಶುರುವಾಗುವುದರಿಂದ, ಹೀಗೆ ಕತ್ತರಿಸಿದ ಪ್ರತಿಯೊಂದು ನಂಬರೂ ಪಾಸ್ ಆಗುತ್ತೆ. ಆ ನಂಬರ್ ಬೇರೆ ಯಾರದ್ದೋ ಆಗಿರುತ್ತೆ.

ಶಿರಸಿಯ ಕಥೆ ಬೇರೆ. ಆ ಮನೆ ಇರುವ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಲ್ಯಾಂಡ್‌ಲೈನೇ ಗತಿ. 08384 ಆದಮೇಲೆ ಆರು ಅಂಕಿ. ಹುಡುಗಿ ಪೂರ್ತಿ ಹಾಕಿದಾಗ ಸೊನ್ನೆಯಿಂದ ಶುರುವಾಯಿತು ಅಂತ ಆ್ಯಪ್ ಒಪ್ಪಲಿಲ್ಲ. ಮುಂದಿನ ಸೊನ್ನೆ ತೆಗೆದು ಹಾಕಿದಳು, ತಕ್ಷಣ ಒಪ್ಪಿತು. ಯಾಕೆ ಅಂತ ಲೆಕ್ಕ ಹಾಕಿ. ನಮ್ಮ ರಾಜ್ಯದ ಎಸ್‌ಟಿಡಿ ಕೋಡುಗಳು 08ರಿಂದ ಶುರು. ಬೆಂಗಳೂರು 080, ಮೈಸೂರು 0821, ಮಂಗಳೂರು 0824, ಹುಬ್ಬಳ್ಳಿ 0836. ಕೋಡು ಚಿಕ್ಕದಿದ್ದರೆ ನಂಬರ್ ಉದ್ದ, ಕೋಡು ಉದ್ದ ಇದ್ದರೆ ನಂಬರ್ ಚಿಕ್ಕದು. ಸೊನ್ನೆ ಬಿಟ್ಟು ಎರಡೂ ಸೇರಿಸಿದರೆ ಹತ್ತೇ ಅಂಕಿ. ಹಾಗಾಗಿ ಕರ್ನಾಟಕದ ಲ್ಯಾಂಡ್‌ಲೈನ್ ನಂಬರು ನಮ್ಮ ಕೋಡಿನ ಕಣ್ಣಿಗೆ 8ರಿಂದ ಶುರುವಾಗುವ ಮೊಬೈಲ್ ಥರವೇ ಕಾಣುತ್ತೆ. ಲ್ಯಾಂಡ್‌ಲೈನಿಗೆ ಎಸ್ಸೆಮ್ಮೆಸ್ ಎಲ್ಲಿಂದ ತಲುಪಬೇಕು? ಟಿಕ್ ಮಾತ್ರ ಹಸಿರು. ಯಾಕಂದರೆ ನಮ್ಮ ಟಿಕ್ಕಿನ ಅರ್ಥ ‘ನಾವು ಕಳಿಸಿದ್ದೀವಿ’ ಅಂತಷ್ಟೇ ಇತ್ತು, ‘ಅವರಿಗೆ ಸಿಕ್ಕಿದೆ’ ಅಂತಲ್ಲ.

ಈ ಎರಡೂ ಕಡೆ ಆ್ಯಪ್ ‘ತಪ್ಪು’ ಅಂತ ಹೇಳಿದ್ದರೆ ಯಾರಿಗೂ ತೊಂದರೆ ಆಗುತ್ತಿರಲಿಲ್ಲ. ಅದು ತಪ್ಪು ನಂಬರನ್ನು ಸರಿ ಅಂತ ಒಪ್ಪಿಕೊಂಡದ್ದೇ ತೊಂದರೆ. ತಪ್ಪು ನಂಬರ್ ಒಳಗೆ ಬಾರದಿರಲಿ ಅಂತ ನಾವೇ ಇಟ್ಟ ಕಾವಲುಗಾರ, ಸರಿ ನಂಬರನ್ನು ಕತ್ತರಿಸಿ ತಪ್ಪು ಮಾಡಿ ಒಳಗೆ ಬಿಟ್ಟಿದ್ದ.

ಮಾತು ಇಲ್ಲಿಗೆ ಮುಗಿಯಲ್ಲ. ಅದೇ ಕೋಡನ್ನು ನಾವು ಹಳೆ ವಿದ್ಯಾರ್ಥಿಗಳ ನೋಂದಣಿಗೂ ಕಾಪಿ ಹೊಡೆದಿದ್ದೆವು. ನಮ್ಮ ಕಾಲೇಜಿನ ಎಷ್ಟೋ ಸೀನಿಯರ್‌ಗಳು ಅಮೆರಿಕದ ಬೇ ಏರಿಯಾದಲ್ಲಿದ್ದಾರೆ. ಅಲ್ಲಿಯ ನಂಬರೂ ದೇಶ ಸಂಕೇತ ಬಿಟ್ಟರೆ ಹತ್ತೇ ಅಂಕಿ. ಸ್ಯಾನ್ ಹೋಸೆಯ 408ರಿಂದ ಶುರುವಾಗುವ ನಂಬರ್ ಹಾಕಿದ ಅಣ್ಣನಿಗೆ ‘ಸರಿಯಾದ ನಂಬರ್ ಹಾಕಿ’ ಅಂತ ಬಂತು. ಮೌಂಟನ್ ವ್ಯೂನಲ್ಲಿರುವ ಅಕ್ಕನ 650ರ ನಂಬರ್ ಸಲೀಸಾಗಿ ಪಾಸ್ ಆಗಿ ಭಾರತದ ನಂಬರ್ ಆಗಿ ಕೂತಿತು.

‘ಮೊದಲ ಹತ್ತರ ಬದಲು ಕೊನೆಯ ಹತ್ತು ಅಂಕಿ ತಗೊಂಡರೆ ಆಯ್ತಪ್ಪ’ ಅಂತ ನಮ್ಮಲ್ಲೇ ಒಬ್ಬರು ಅಂದರು. +91 ಇದ್ದರೂ, ಮುಂದೆ ಸೊನ್ನೆ ಇದ್ದರೂ ಅದು ನಡೆಯುತ್ತೆ, ನಿಜ. ಆದರೆ ಬ್ರಿಟನ್ನಿನ ಮೊಬೈಲ್ ನಂಬರಿನಲ್ಲಿ +44 ಬಿಟ್ಟರೆ ಉಳಿಯುವುದು 7ರಿಂದ ಶುರುವಾಗುವ ಹತ್ತು ಅಂಕಿ. ಅದೂ ನಮ್ಮ ನಂಬರ್ ಥರವೇ. ‘ಹಾಗಾದ್ರೆ 91 ಕಂಡ ಕೂಡಲೇ ತೆಗೆದು ಬಿಡೋಣ’ ಅಂದರು ಇನ್ನೊಬ್ಬರು. ನಮ್ಮಲ್ಲೇ 91ರಿಂದ ಶುರುವಾಗುವ ಹತ್ತು ಅಂಕಿಯ ಮೊಬೈಲ್ ನಂಬರುಗಳಿವೆ, ಅವರ ಗತಿ? ‘ಮುಂದಿನ ಸೊನ್ನೆ ಯಾವಾಗಲೂ ವೇಸ್ಟು’ ಅನ್ನೋದೂ ಸುಳ್ಳು. ಇಟಲಿಯಲ್ಲಿ ರೋಮ್ ನಗರದ ಲ್ಯಾಂಡ್‌ಲೈನಿಗೆ ಹೊರದೇಶದಿಂದ ಮಾಡುವಾಗಲೂ +39 ಆದಮೇಲೆ ಆ ಸೊನ್ನೆ ಬೇಕೇ ಬೇಕು.

ಇಷ್ಟೆಲ್ಲ ಪೆಟ್ಟು ತಿಂದ ಮೇಲೆ ನಮಗೆ ಅನ್ನಿಸಿದ್ದು ಇದು: ಫೋನ್ ನಂಬರನ್ನು ಒಪ್ಪ ಮಾಡುವ ಕೆಲಸ ಬಳಕೆದಾರರದ್ದಲ್ಲ, ನಮ್ಮದು. ಅವರು ಹೇಗೆ ಹಾಕಿದರೂ ತೆಗೆದುಕೊಳ್ಳಬೇಕು. ಅನುಮಾನ ಬಂದರೆ ಕೇಳಬೇಕು. ಹೇಳದೆ ಕೇಳದೆ ಕತ್ತರಿಸೋದು ಮಾತ್ರ ಯಾವತ್ತೂ ಕೂಡದು.

ನಾವು ಮಾಡಿದ ಮೂಲ ತಪ್ಪು, ಮೂರು ಬೇರೆ ಬೇರೆ ಕೆಲಸವನ್ನು ಒಂದೇ ಸಾಲಿನಲ್ಲಿ ಮುಗಿಸೋಕೆ ಹೋಗಿದ್ದು. ನಂಬರ್ ತೆಗೆದುಕೊಳ್ಳೋದು ಒಂದು, ಇಟ್ಟುಕೊಳ್ಳೋದು ಇನ್ನೊಂದು, ತೋರಿಸೋದು ಮತ್ತೊಂದು.

ತೆಗೆದುಕೊಳ್ಳುವಾಗ ಧಾರಾಳವಾಗಿರಿ. ಖಾಲಿ ಜಾಗ, ಅಡ್ಡಗೆರೆ, ಕಂಸ, ಪ್ಲಸ್, ಮುಂದಿನ ಸೊನ್ನೆ, ಎಲ್ಲ ಬರಲಿ. ಕೆಲವು ಸಲ ಕಾಪಿ ಮಾಡಿದ ನಂಬರಿನ ಜೊತೆ ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆಗಳೂ ಅಂಟಿಕೊಂಡು ಬರುತ್ತವೆ. ಸ್ಕ್ರೀನಿನಲ್ಲಿ ನಂಬರ್ ಸರಿಯಾಗೇ ಕಾಣುತ್ತೆ, ಆ್ಯಪ್ ಮಾತ್ರ ಬೇಡ ಅನ್ನುತ್ತೆ, ಬಳಕೆದಾರರಿಗೆ ಹುಚ್ಚು ಹಿಡಿಯುತ್ತೆ. ಅದನ್ನೆಲ್ಲ ಸೋಸುವುದು ನಮ್ಮ ಕೆಲಸ. ಹಾಗೇ ಆ ಜಾಗ ಮುಟ್ಟಿದಾಗ ಫೋನ್ ಕೀಪ್ಯಾಡ್ ತೆರೆಯುವ ಹಾಗೆ ಮಾಡಿ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಅದು ಒಂದೇ ಸಾಲಿನ ಸೆಟ್ಟಿಂಗ್.

ಇಟ್ಟುಕೊಳ್ಳುವಾಗ ಕಟ್ಟುನಿಟ್ಟಾಗಿರಿ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.164 ಅನ್ನುವ ಶಿಫಾರಸು ಇರೋದೇ ಇದಕ್ಕೆ. ಮೊದಲು ದೇಶ ಸಂಕೇತ, ಆಮೇಲೆ ಉಳಿದ ನಂಬರ್, ಎಲ್ಲ ಸೇರಿ 15 ಅಂಕಿ ಮೀರುವಂತಿಲ್ಲ. ಮುಂದೆ ಒಂದು ಪ್ಲಸ್ ಹಾಕಿ, ನಡುವೆ ಖಾಲಿ ಜಾಗ ಬಿಡದೆ ಡೇಟಾಬೇಸಿನಲ್ಲಿ ಇದೊಂದೇ ರೂಪ ಇಟ್ಟುಕೊಳ್ಳಿ. ಅದೂ ಪಠ್ಯವಾಗಿ, ಸಂಖ್ಯೆಯಾಗಿ ಅಲ್ಲ. ಫೋನ್ ನಂಬರ್ ಹೆಸರಿಗೆ ನಂಬರ್, ಅದನ್ನು ಯಾರೂ ಕೂಡಲ್ಲ, ಕಳೆಯಲ್ಲ. 32 ಬಿಟ್‌ನ ಇಂಟಿಜರಿನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. ನಮ್ಮ ಮೊಬೈಲ್ ನಂಬರುಗಳು 6ರಿಂದ ಮೇಲೇ ಶುರುವಾಗುವುದರಿಂದ ಒಂದೂ ಅದರಲ್ಲಿ ಹಿಡಿಯಲ್ಲ. ಎಕ್ಸೆಲ್ಲಿನ ಕಾಟ ಇವೆಂಟ್ ಮಾಡಿದವರಿಗೆಲ್ಲ ಗೊತ್ತು: ನೋಂದಣಿಯ ಫೈಲ್ ತೆರೆದರೆ ಪ್ಲಸ್ಸೂ ಇಲ್ಲ, ಸೊನ್ನೆಯೂ ಇಲ್ಲ, ಹನ್ನೆರಡು ಅಂಕಿಯ ನಂಬರೆಲ್ಲ 9.1 ಆಮೇಲೆ ಇ 11 ಅಂತ ಕೂತಿರುತ್ತವೆ. ಜೊತೆಗೆ, ಬಳಕೆದಾರರು ಮೂಲದಲ್ಲಿ ಏನು ಟೈಪ್ ಮಾಡಿದ್ದರೋ ಅದನ್ನೂ ಪಕ್ಕದಲ್ಲಿ ಹಾಗೇ ಇಟ್ಟುಕೊಳ್ಳಿ. ನಾವು ಹಾಗೆ ಇಟ್ಟುಕೊಂಡಿದ್ದರೆ ಮಾರನೇ ದಿನ ಜೂನಿಯರಿನ ಅಮ್ಮನ ನಂಬರನ್ನು ಮತ್ತೆ ಕೇಳಬೇಕಾಗುತ್ತಿರಲಿಲ್ಲ.

ತೋರಿಸುವಾಗ ಓದುವವರ ಕಣ್ಣಿಗೆ ತಕ್ಕ ಹಾಗೆ ತೋರಿಸಿ. ನಮ್ಮಲ್ಲಿ ಮೊಬೈಲ್ ನಂಬರನ್ನು ಐದೈದಾಗಿ ಬರೆಯುವುದು ರೂಢಿ, ಅಮೆರಿಕದಲ್ಲಿ ಮೂರು, ಮೂರು, ನಾಲ್ಕು. ಒಟ್ಟಿಗೆ ಅಂಟಿದ ಹತ್ತು ಅಂಕಿಯಲ್ಲಿ ಒಂದು ತಪ್ಪಿದರೆ ಯಾರ ಕಣ್ಣಿಗೂ ಬೀಳಲ್ಲ. ಐದೈದಾಗಿ ಒಡೆದು ‘ಇದು ನಿಮ್ಮ ಅಮ್ಮನ ನಂಬರ್ ಅಲ್ವಾ?’ ಅಂತ ಒಮ್ಮೆ ತೋರಿಸಿ, ಜೂನಿಯರ್ ಅಲ್ಲೇ ಹಿಡಿಯುತ್ತಿದ್ದ. ಆದರೆ ಟೈಪ್ ಮಾಡ್ತಾ ಇರುವಾಗಲೇ ಮಧ್ಯೆ ಮಧ್ಯೆ ಜಾಗ ಸೇರಿಸೋಕೆ ಹೋಗೋದಾದರೆ ಹುಷಾರು. ನಡುವಿನ ಒಂದು ಅಂಕಿ ತಿದ್ದೋಕೆ ಹೋದರೆ ಕರ್ಸರ್ ಕೊನೆಗೆ ಹಾರುತ್ತೆ, ಅಳಿಸಿದ ಖಾಲಿ ಜಾಗ ಮತ್ತೆ ಮತ್ತೆ ಹುಟ್ಟುತ್ತೆ. ನಮಗೇ ಕಿರಿಕಿರಿ ಆಗುವಾಗ ಕನ್ನಡಕ ಹಾಕಿಕೊಂಡು ಒಂದೇ ಬೆರಳಲ್ಲಿ ಒತ್ತುವ ಅಜ್ಜನಿಗೆ ಹೇಗಾಗಬೇಡ? ಸರಿಯಾಗಿ ಮಾಡೋಕೆ ಬರದಿದ್ದರೆ, ಅವರು ಟೈಪ್ ಮಾಡಿ ಮುಗಿಸಿ ಮುಂದಿನ ಜಾಗಕ್ಕೆ ಹೋದ ಮೇಲೆ ಒಡೆದು ತೋರಿಸಿದರೆ ಸಾಕು.

ಇದನ್ನೆಲ್ಲ ಕೈಯಾರೆ ಬರೆಯಬೇಕಾ ಅಂತ ಕೇಳಿದರೆ, ಬೇಡ. ಗೂಗಲ್‌ನವರ ಲಿಬ್‌ಫೋನ್‌ನಂಬರ್ ಅನ್ನುವ ಮುಕ್ತ ಲೈಬ್ರರಿ ಇದೆ. ಜಾವಾ, ಸಿ ಪ್ಲಸ್ ಪ್ಲಸ್, ಜಾವಾಸ್ಕ್ರಿಪ್ಟ್ ಮೂರಕ್ಕೂ ಇದೆ. ಆಂಡ್ರಾಯ್ಡ್ ತಾನೇ 4.0ರಿಂದ ಇದನ್ನು ಒಳಗೆ ಇಟ್ಟುಕೊಂಡಿದೆ. ನಂಬರೂ, ‘ಸಂಕೇತ ಇಲ್ಲದಿದ್ದರೆ ಭಾರತ ಅಂದುಕೋ’ ಅನ್ನುವ ಸೂಚನೆಯೂ ಕೊಟ್ಟರೆ, ಅದು ಮೊಬೈಲೋ ಲ್ಯಾಂಡ್‌ಲೈನೋ ಅನ್ನುವುದನ್ನೂ ಹೇಳುತ್ತೆ. ಹಾಗೆ ಕೇಳಿದ್ದರೆ ಶಿರಸಿಯ ಮನೆಗೆ ‘ಇಲ್ಲಿಗೆ ಎಸ್ಸೆಮ್ಮೆಸ್ ಹೋಗಲ್ಲ, ಕಾಲ್ ಮಾಡಿ’ ಅಂತ ಪಟ್ಟಿಯಲ್ಲೇ ಗುರುತು ಹಾಕಬಹುದಿತ್ತು.

ಇದಕ್ಕೆ ಬರುವ ಆಕ್ಷೇಪಣೆಗಳೂ ನಮಗೆ ಗೊತ್ತು, ನಮ್ಮ ತಂಡದಲ್ಲೇ ಜಗಳ ಆಗಿದೆ. ‘ಒಂದು ಫಾರ್ಮಿಗೆ ಅಷ್ಟು ದೊಡ್ಡ ಲೈಬ್ರರಿ ಯಾಕೆ, ಒಂದು ಸಾಲು ರೆಜೆಕ್ಸ್ ಸಾಕು.’ ಆ ಒಂದು ಸಾಲು ಬರೆದ ದಿನಕ್ಕೆ ಸರಿಯಿರುತ್ತೆ. ನಮ್ಮ ದೇಶದಲ್ಲಿ ಮೊಬೈಲ್ ನಂಬರುಗಳು ಮೊದಲು 9ರಿಂದ ಮಾತ್ರ ಇದ್ದವು. ಆಮೇಲೆ 8 ಬಂತು, 7 ಬಂತು, 6 ಬಂತು. ಪ್ರತಿ ಸಲವೂ ಹಳೇ ರೆಜೆಕ್ಸ್‌ಗಳು ಹೊಸ ಸಿಮ್ ತಗೊಂಡವರನ್ನು ಬಾಗಿಲಲ್ಲೇ ತಡೆಯುತ್ತವೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಹಾಕಲೇಬೇಕು. ಆ ಅಭ್ಯಾಸ ಇರುವವರು ಆ್ಯಪಿನಲ್ಲೂ ಸೊನ್ನೆ ಹಾಕಿಯೇ ಬರೆಯುತ್ತಾರೆ, ಅದು ಅವರ ತಪ್ಪಲ್ಲ. ಇಂಥ ನಿಯಮಗಳ ಪಟ್ಟಿಯನ್ನು ಲೈಬ್ರರಿಯವರು ಆಗಾಗ ತಿದ್ದುತ್ತಾ ಇರುತ್ತಾರೆ. ಪ್ರಾಜೆಕ್ಟ್ ಸಬ್ಮಿಟ್ ಆದಮೇಲೆ ನಾವು ಆ ಫೈಲನ್ನು ತೆರೆದೂ ನೋಡಲ್ಲ.

‘ಒಟಿಪಿ ಕಳಿಸಿದರೆ ಸಾಕು’ ಅನ್ನುವ ವಾದದಲ್ಲಿ ಹುರುಳಿದೆ. ನಂಬರ್ ನಿಜಕ್ಕೂ ಆ ವ್ಯಕ್ತಿಯದ್ದೇ ಅಂತ ಯಾವ ಲೈಬ್ರರಿಯೂ ಹೇಳಲಾರದು, ಒಟಿಪಿ ಹೇಳಬಲ್ಲದು. ಆದರೆ ಮನೆಯವರ ನಂಬರಿಗೆ ಒಟಿಪಿ ಕಳಿಸಿ, ಗದ್ದೆಯಲ್ಲಿರುವ ಅಪ್ಪನಿಗೆ ಫೋನ್ ಮಾಡಿ ‘ನಾಲ್ಕು ಅಂಕಿ ಬಂದಿದೆ ನೋಡಿ ಹೇಳಿ’ ಅನ್ನೋದು ಎಲ್ಲ ಕಡೆ ಆಗುವ ಮಾತಲ್ಲ. ಯಾರಿಗೂ ಒಟಿಪಿ ಹೇಳಬೇಡಿ ಅಂತ ನಾವೇ ಅವರಿಗೆ ಪಾಠ ಮಾಡಿರುತ್ತೇವೆ ಬೇರೆ.

‘ನಮ್ಮ ಆ್ಯಪ್ ಭಾರತದವರಿಗೆ ಮಾತ್ರ’ ಅನ್ನುವುದಾದರೆ ಪಕ್ಕದಲ್ಲಿ +91 ಅಂತ ಬೇರೆ ಪೆಟ್ಟಿಗೆ ಇಡಿ, ಅದು ಒಳ್ಳೆಯದೇ. ಆದರೂ ಪೇಸ್ಟ್ ಮಾಡುವವರು +91 ಸೇರಿಸಿಯೇ ಪೇಸ್ಟ್ ಮಾಡುತ್ತಾರೆ ಅನ್ನೋದನ್ನು ಮರೆಯಬೇಡಿ.

ಇನ್ನೊಂದು ವಿಷಯ ಹೇಳಲೇಬೇಕು, ಕನ್ನಡ ಸಂಘದವರಾಗಿ ನಮಗೆ ಇದೇ ಹೆಚ್ಚು ನಾಚಿಕೆ ತಂದಿದ್ದು. ಹಳೆ ವಿದ್ಯಾರ್ಥಿಗಳ ನೋಂದಣಿಯಲ್ಲಿ ನಿವೃತ್ತರಾದ ಹಿರಿಯರೊಬ್ಬರು ತಮ್ಮ ನಂಬರನ್ನು ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದ್ದರು. ಫೋನಿನಲ್ಲಿ ಹತ್ತು ಅಂಕಿ ಇದೆಯಾ ಅಂತ ಎಣಿಸುವ ನಮ್ಮ ಕೋಟ್ಲಿನ್ ಕೋಡು ಒಪ್ಪಿತು, ಯಾಕಂದರೆ ಅದಕ್ಕೆ ೯ ಕೂಡ ಅಂಕಿಯೇ ಅಂತ ಗೊತ್ತು. ಸರ್ವರಿನಲ್ಲಿದ್ದ ಜಾವಾಸ್ಕ್ರಿಪ್ಟ್ ರೆಜೆಕ್ಸಿಗೆ 0ರಿಂದ 9 ಮಾತ್ರ ಅಂಕಿ, ಅದು ಒಪ್ಪಲಿಲ್ಲ. ಅವರಿಗೆ ಉತ್ತರ ಹೋಯಿತು, ಅಚ್ಚಗನ್ನಡದಲ್ಲಿ, ಕೆಂಪು ಅಕ್ಷರದಲ್ಲಿ: ‘ಸರಿಯಾದ ನಂಬರ್ ಹಾಕಿ’. ಬಸ್ಸಿನ ನಂಬರ್ ಪ್ಲೇಟಿನಲ್ಲಿ ಕನ್ನಡ ಅಂಕಿ ಕಂಡರೆ ಫೋಟೋ ತೆಗೆದು ಸ್ಟೇಟಸ್ ಹಾಕುವ ನಾವು, ನಮ್ಮದೇ ಆ್ಯಪಿನಲ್ಲಿ ಕನ್ನಡ ಅಂಕಿಯನ್ನು ‘ಸರಿಯಲ್ಲ’ ಅಂದಿದ್ದೆವು. ಯೂನಿಕೋಡಿನಲ್ಲಿ ೦ರಿಂದ ೯ರ ತನಕ ಹತ್ತೂ ಅಂಕಿಗೆ ಸಾಲಾಗಿ ಜಾಗ ಇದೆ. ಅವನ್ನು 0–9ಕ್ಕೆ ಬದಲಾಯಿಸೋದು ಒಂದೇ ಸಾಲಿನ ಕೆಲಸ. ಪೈಥಾನ್ ಅಂತೂ ಕೇಳದೆಯೇ ‘೯೮’ ಅನ್ನು 98 ಅಂತ ಓದಿಕೊಳ್ಳುತ್ತೆ. ಮಾಡೋಕೆ ಕಷ್ಟ ಇರಲಿಲ್ಲ. ಕನ್ನಡ ಅಂಕಿಯಲ್ಲಿ ನಂಬರ್ ಬರೆಯುವವರು ಒಬ್ಬರು ಇರಬಹುದು ಅಂತ ನಮಗೆ ಹೊಳೆಯಲೇ ಇಲ್ಲ, ಅಷ್ಟೇ.

ಕೊನೆಗೆ ಜೂನಿಯರ್‌ಗಳಿಗೆ ಒಂದು ಮಾತು. ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್ ಸಬ್ಮಿಟ್ ಮಾಡುವ ಮುಂಚೆ ನಿಮ್ಮ ಫಾರ್ಮಿಗೆ ಇಷ್ಟನ್ನು ಹಾಕಿ ನೋಡಿ: +91 ಸೇರಿದ ನಂಬರ್, ಮುಂದೆ ಸೊನ್ನೆ ಇರುವ ನಂಬರ್, ಅಡ್ಡಗೆರೆ ಇರುವ ನಂಬರ್, ನಿಮ್ಮೂರಿನ ಒಂದು ಲ್ಯಾಂಡ್‌ಲೈನ್, ಹೊರದೇಶದ ಒಂದು ನಂಬರ್, ಕನ್ನಡ ಅಂಕಿಯ ಒಂದು ನಂಬರ್. ಡೇಟಾಬೇಸಿನಲ್ಲಿ ಏನು ಕೂತಿದೆ ಅಂತ ತೆರೆದು ನೋಡಿ, ಸ್ಕ್ರೀನ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಟೆಸ್ಟ್ ಮಾಡುವಾಗ ಸಿಕ್ಕಿದ ಹತ್ತು ಅಂಕಿ ಒತ್ತಿ ಯಾರಿಗೋ ಮೆಸೇಜ್ ಕಳಿಸಬೇಡಿ, ನಿಮ್ಮ ತಂಡದವರ ನಂಬರನ್ನೇ ಬಳಸಿ.

ನಮ್ಮ ಆ್ಯಪನ್ನು ಈಗ ತಿದ್ದಿದ್ದೇವೆ. ಹಂಪಿಯಿಂದ ಬಂದ ವಾರವೇ ಶಿರಸಿಯ ಆ ಅಪ್ಪನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆವು. ಅವರು ಬೈಯಲಿಲ್ಲ. ‘ಅಡ್ಡಿಲ್ಲ ಬಿಡಿ. ನಾನು ಚೀಟಿಯಲ್ಲಿ ನಂಬರ್ ಸರಿಯಾಗೇ ಬರೆದು ಕೊಟ್ಟಿದ್ದೆ ಅಲ್ದಾ?’ ಅಂತ ಮಾತ್ರ ಕೇಳಿದರು. ಹೌದು ಅಂದೆವು. ಅವರು ಸರಿಯಾಗೇ ಬರೆದಿದ್ದರು.